ತೋಳ, ರಕ್ತಪಿಶಾಚಿಗಳ ಪ್ರೇಮಕಥೆ: ಕೇಳುವುದೋ, ಓದುವುದೋ?

ತೋಳವಾಗಿ ಬದಲಾಗುವ ನಾಯಕ, ರಕ್ತಪಿಶಾಚಿ ನಾಯಕಿಯ ಪ್ರೇಮಕಥೆಯೊಂದನ್ನು ಆಡಿಯೋಬುಕ್‌ನಲ್ಲಿ ಕೇಳಲೇ, ಓದಲೇ ಎಂದು ತೀರ್ಥಹಳ್ಳಿಯ ಗೆಳತಿ ಕೇಳಿದ್ದಾಳೆ. ನಾನು ಅದರ ಆಡಿಯೋಬುಕ್ ಕೇಳಿ ನೊಂದವಳು. ಪ್ರೇಮಿಗಳಿಬ್ಬರಿಗೂ ಒಂದೇ ದನಿ. ಹುಣ್ಣಿಮೆಯ ರೂಪಾಂತರವನ್ನೂ ವಾರ್ತೆಯಂತೆ ಓದಿಬಿಟ್ಟರೆ ಮೈ ಜುಮ್ಮೆನ್ನುವುದು ಹೇಗೆ? ಓದುವಾಗ ದನಿ ನಮ್ಮದೇ, ಬೇಸರದ ಪುಟಗಳನ್ನು ಹಾರಿಸಲೂಬಹುದು. ಆದರೆ ಅಡಿಕೆ ಸುಲಿಯುವ ಕೈಗೆ ಪುಸ್ತಕ ಹಿಡಿಯಲಾಗದು. ಅಲ್ಲಿ ಆಡಿಯೋಬುಕ್ಕೇ ಸರಿ, ಮಾದರಿ ತುಣುಕನ್ನು ಮೊದಲು ಕೇಳಿಕೊಂಡು. ಆಗುಂಬೆ ಘಾಟಿಯ ಸಿಗ್ನಲ್ ನಂಬದೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಬೇಕು.

ಹಣ ಉಳಿಸಬೇಕಿದ್ದರೆ 1897ರ ರಕ್ತಪಿಶಾಚಿ ಕಾದಂಬರಿ ‘ಡ್ರಾಕುಲಾ’ ಇದೆ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಓದಲೂ ಕೇಳಲೂ ಉಚಿತವಾಗಿ ಸಿಗುತ್ತದೆ. ಪ್ರಣಯ ಕಡಿಮೆ, ಭಯ ಹೆಚ್ಚು. ದಿನಚರಿ, ಪತ್ರಗಳ ರೂಪದಲ್ಲಿರುವುದರಿಂದ ಮಳೆಗಾಲದ ರಾತ್ರಿ ಕಿವಿಗೊಡಲು ಹೇಳಿ ಮಾಡಿಸಿದಂತಿದೆ.