ಉಬುಂಟುವೋ ಮಿಂಟೋ: ಆಲ್ದೂರಿನ ಹಳೆಯ ಲ್ಯಾಪ್‌ಟಾಪ್‌ಗೆ ಒಗ್ಗಿದ್ದು ಯಾವುದು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಚಿಕ್ಕಮಗಳೂರಿನ ಆಲ್ದೂರಿನ ನಮ್ಮ ಮನೆಯಲ್ಲಿರುವುದು 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ್ದರಿಂದ ಅದು ವಿಂಡೋಸ್ 11ರ ಅರ್ಹತೆಯ ಪಟ್ಟಿಗೆ ಸೇರುವುದಿಲ್ಲ. ಕಾಫಿ ತೋಟದ ಬಟವಾಡೆ ಲೆಕ್ಕ ಮತ್ತು ಕನ್ನಡ ಬರವಣಿಗೆ ಬಿಟ್ಟರೆ ಅದಕ್ಕೆ ಬೇರೆ ಕೆಲಸವೂ ಇಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ವಿಂಡೋಸ್‌ಗೆ ಬದಲಾಗಿ ಉಚಿತವಾಗಿ ಸಿಗುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗಳಾದ ಉಬುಂಟು 24.04 ಹಾಗೂ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ, ಎರಡನ್ನೂ ಒಂದೊಂದು ತಿಂಗಳು ಬಳಸಿದೆ.

ಎರಡೂ ಒಂದೇ ಬೇರಿನವು. ಮಿಂಟ್ 22 ಕಟ್ಟಿರುವುದೇ ಉಬುಂಟು 24.04ರ ಮೇಲೆ, ಎರಡಕ್ಕೂ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ವ್ಯತ್ಯಾಸ ಇರುವುದು ದಿನಬಳಕೆಯಲ್ಲಿ.

ನನ್ನ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಉಬುಂಟು ತೆರೆದುಕೊಳ್ಳುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತಿತ್ತು. ಮಿಂಟ್ ಅಷ್ಟು ಕಾಯಿಸಲಿಲ್ಲ. ಬಟವಾಡೆ ಬರೆಯುವವರು ನಮ್ಮ ಅತ್ತಿಗೆ. ಮಿಂಟ್‌ನಲ್ಲಿ ಕೆಳಗಿನ ಎಡಮೂಲೆಯ ಮೆನು ಕಂಡೊಡನೆ ಯಾರನ್ನೂ ಕೇಳದೆ ಲಿಬ್ರೆ ಆಫೀಸ್ ತೆರೆದು ಕುಳಿತರು. ಉಬುಂಟುವಿನ ಎಡಪಟ್ಟಿ ಅವರಿಗೆ ಕೊನೆಯವರೆಗೂ ಹೊಂದಲಿಲ್ಲ.

ನಮಗೆ ಇಂಟರ್ನೆಟ್ ಎಂದರೆ ಮೊಬೈಲ್ ಹಾಟ್‌ಸ್ಪಾಟ್. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ‘ಸ್ನ್ಯಾಪ್’ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತದೆ, ಸ್ನ್ಯಾಪ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ಅದನ್ನು ತಡೆಹಿಡಿಯಬಹುದು, ಆದರೆ ಹೊಸಬರಿಗೆ ಅದು ಹೊಳೆಯುವುದು ದಿನದ ಡೇಟಾ ಮುಗಿದ ಮೇಲೆ. ಮಿಂಟ್ ಅಪ್‌ಡೇಟ್ ಬಂದಿದೆ ಎಂದು ತಿಳಿಸಿ, ನಾವು ಒಪ್ಪುವವರೆಗೆ ಕಾಯುತ್ತದೆ. ಮಳೆಗಾಲದಲ್ಲಿ ಸಿಗ್ನಲ್‌ಗಾಗಿ ಅಂಗಳಕ್ಕೆ ಹೋಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಕನ್ನಡ ಟೈಪಿಂಗ್‌ನಲ್ಲಿ ಮಾತ್ರ ಉಬುಂಟುವೇ ಸಲೀಸು. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕಗಪ (ಕನ್ನಡ ಗಣಕ ಪರಿಷತ್) ಕೀಲಿವಿನ್ಯಾಸ ಸೇರಿಸಿದರೆ ಸಾಕು, ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದಾಗ ಭಾಷೆ ಬದಲಾಗುತ್ತದೆ. ಮಿಂಟ್‌ನ ಈ ಆವೃತ್ತಿಯಲ್ಲಿ ಮೊದಲು ‘ಸಿಸ್ಟಂ ಡಿಫಾಲ್ಟ್’ ಆಯ್ಕೆಯನ್ನು ತೆಗೆದು, ವಿನ್ಯಾಸ ಸೇರಿಸಿ, ಭಾಷೆ ಬದಲಿಸುವ ಕೀಲಿಯನ್ನೂ ನಾವೇ ಗೊತ್ತುಮಾಡಬೇಕು. ನನಗೆ ಒಂದು ಸಂಜೆ ಹಿಡಿಯಿತು. ಒತ್ತಕ್ಷರಗಳು ಎರಡರಲ್ಲೂ ಸರಿಯಾಗಿ ಮೂಡುತ್ತವೆ. ಯೂನಿಕೋಡ್‌ಗೂ ಮುಂಚಿನ ‘ನುಡಿ’ ತಂತ್ರಾಂಶದ ಕಡತಗಳು ಎರಡರಲ್ಲೂ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವನ್ನು ಮೊದಲೇ ಯೂನಿಕೋಡ್‌ಗೆ ಬದಲಾಯಿಸಿಕೊಂಡು ಹೊರಡುವುದು ಒಳ್ಳೆಯದು.

ಮಿಂಟ್‌ನ ಜೊತೆಯಲ್ಲೇ ಬರುವ, ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ನನ್ನನ್ನು ಒಮ್ಮೆ ಉಳಿಸಿತು. ಡ್ರೈವರ್ ಬದಲಿಸಲು ಹೋಗಿ ಪರದೆ ಕಪ್ಪಾದಾಗ ಹಿಂದಿನ ದಿನದ ಸ್ಥಿತಿಗೆ ಮರಳಿದೆ. ಆದರೆ ಅದು ಸಾಮಾನ್ಯವಾಗಿ ಕಾಯುವುದು ವ್ಯವಸ್ಥೆಯ ಕಡತಗಳನ್ನಷ್ಟೇ. ಬಟವಾಡೆ ಲೆಕ್ಕದ ನಕಲನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಡಲೇಬೇಕು.

ನಮ್ಮ ಮನೆಯಲ್ಲಿ ಮಿಂಟ್ ಉಳಿಯಿತು. ಹಾಸನದಲ್ಲಿ ಓದುತ್ತಿರುವ ತಂಗಿಯ ಮಗನಿಗೆ ಮಾತ್ರ ಉಬುಂಟುವನ್ನೇ ಹಾಕಿಕೊಟ್ಟೆ: ಅವನದು 8 ಜಿಬಿ ರ‍್ಯಾಮ್, ವೇಗದ ಎಸ್‌ಎಸ್‌ಡಿ ಡಿಸ್ಕ್, ಕೋಣೆಯಲ್ಲಿ ವೈಫೈ. ಹಾಕುವ ಮುನ್ನ ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ವೈಫೈ, ಧ್ವನಿ, ಪ್ರಿಂಟರ್ ಮೂರನ್ನೂ ನೋಡಿಕೊಂಡೆವು.