ಪಟ್ಟಾಯದ ‘ಫ್ರೀ ಎಂಟ್ರಿ’ ಬಾಕ್ಸಿಂಗ್ ಬಾರ್: ಆ ಗಂಟೆಯ ಹಗ್ಗ ಮುಟ್ಟಬೇಡಿ

ಥಾಯ್ಲೆಂಡ್‌ಗೆ ಹೊರಟಿದ್ದೀರಾ? ಮುವಾಯ್ ಥಾಯ್, ಅಂದ್ರೆ ಥಾಯ್ ಬಾಕ್ಸಿಂಗ್ ನೋಡಬೇಕು ಅನ್ನೋ ಆಸೆ ಇದೆಯಾ? ಹಾಗಾದರೆ ಪಟ್ಟಾಯದ ಬಾರ್‌ಗಳ ಬಾಗಿಲಲ್ಲಿ ‘ಫ್ರೀ ಎಂಟ್ರಿ, ಬಾಕ್ಸಿಂಗ್, ಲೈವ್ ಮ್ಯೂಸಿಕ್’ ಎಂಬ ಬೋರ್ಡ್ ಹಿಡಿದು ನಿಂತವರನ್ನು ದಾಟಿ ಮುಂದೆ ಹೋಗಿ.

ವಾಕಿಂಗ್ ಸ್ಟ್ರೀಟ್ ಹತ್ತಿರದ ಅಂಥದ್ದೊಂದು ಬಾರ್‌ಗೆ ನಾನು, ನಮ್ಮ ಭಾವ ಹೋಗಿದ್ದೆವು. ಮಧ್ಯದಲ್ಲಿ ರಿಂಗ್, ಸುತ್ತ ಕೌಂಟರ್‌ಗಳು, ಒಂದು ಮೂಲೆಯಲ್ಲಿ ಬ್ಯಾಂಡ್. ಬಿಯರ್ 120 ಬಾತ್ (ಅಲ್ಲಿನ ದುಡ್ಡು) ಅಂದರು. ಪರವಾಗಿಲ್ಲ ಅನ್ನಿಸಿತು. ಕುಡಿದದ್ದಕ್ಕೆಲ್ಲ ಒಂದೊಂದು ಚೀಟಿ ಬರೆದು ಮುಂದಿರುವ ಪುಟ್ಟ ಲೋಟಕ್ಕೆ ಹಾಕುತ್ತಾರೆ. ಅಲ್ಲಿನ ಬಾರ್‌ಗಳಲ್ಲಿ ಇದು ರೂಢಿ.

ಮೊದಲು ಆಟದ ವಿಷಯ ಹೇಳಿಬಿಡ್ತೀನಿ. ನಿಜವಾದ ಪಂದ್ಯದಲ್ಲಿ 3 ನಿಮಿಷದ 5 ಸುತ್ತು, ನಡುವೆ 2 ನಿಮಿಷ ವಿರಾಮ. ಶುರುವಿಗೆ ಮುಂಚೆ ಇಬ್ಬರೂ ತಲೆಗೆ ಮೊಂಗ್‌ಕೋನ್ ಪಟ್ಟಿ ಕಟ್ಟಿಕೊಂಡು, ಗುರುವಿಗೆ ನಮಸ್ಕರಿಸಿ ನಿಧಾನಕ್ಕೆ ಒಂದು ನೃತ್ಯ ಮಾಡುತ್ತಾರೆ. ಇಲ್ಲಿ ಆ ನೃತ್ಯ ಅರ್ಧ ನಿಮಿಷ ಇತ್ತೋ ಇಲ್ಲವೋ. ವಾದ್ಯದ ಸದ್ದು ಸ್ಪೀಕರ್‌ನಿಂದ ಬರುತ್ತಿತ್ತು. ಎರಡನೇ ಸುತ್ತಿನಲ್ಲಿ ಮೈಗೆ ತಾಗದ ಒದೆತಕ್ಕೆ ಒಬ್ಬ ಬಿದ್ದ. ಸ್ವಲ್ಪ ಹೊತ್ತಿಗೆ ಅವನೇ ಬೇರೆ ಬಣ್ಣದ ಚಡ್ಡಿ ಹಾಕಿಕೊಂಡು ಬಂದು ಗೆದ್ದ! ಆಮೇಲೆ ಇಬ್ಬರೂ ಟೇಬಲ್ ಟೇಬಲ್‌ಗೆ ಬಂದು ಟಿಪ್ಸ್ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ದಿನಾ ರಾತ್ರಿ ಮೈ ನೋಯಿಸಿಕೊಳ್ಳೋದು ಅವರೇ ತಾನೇ.

ಬ್ಯಾಂಡ್ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಲ್ಲ.

ಒಂದು ಹಾಡು ಮುಗಿಯುತ್ತಿದ್ದ ಹಾಗೆ ಕೌಂಟರ್ ಹುಡುಗಿ ಮೇಲೆ ತೂಗುತ್ತಿದ್ದ ಗಂಟೆಯ ಹಗ್ಗವನ್ನು ಭಾವನ ಕೈಗೆ ಕೊಟ್ಟಳು. ‘ಎಳೀರಿ, ಒಳ್ಳೇದಾಗುತ್ತೆ’ ಅಂದಳು. ಭಾವ ದೇವಸ್ಥಾನದ ಗಂಟೆ ಹೊಡೆದ ಹಾಗೆ ಭಕ್ತಿಯಿಂದ ಹೊಡೆದರು. ಇಡೀ ಬಾರ್ ಚಪ್ಪಾಳೆ ತಟ್ಟಿತು. ಯಾಕೆ ಅಂತ ಗೊತ್ತಾಗಿದ್ದು ಬಿಲ್ ಬಂದಾಗ. ಅಲ್ಲಿ ಗಂಟೆ ಹೊಡೆದವರು ಆ ಹೊತ್ತಿಗೆ ಬಾರ್‌ನಲ್ಲಿ ಇದ್ದವರಿಗೆಲ್ಲ ಒಂದೊಂದು ಡ್ರಿಂಕ್ ಕೊಡಿಸಬೇಕು. ಇದನ್ನು ಹುಡುಗಿ ಹೇಳಲಿಲ್ಲ. ಗೋಡೆಯ ಮೇಲೂ ಬರೆದಿರಲಿಲ್ಲ.

ಒಟ್ಟು 9,400 ಬಾತ್. ನಮ್ಮ ದುಡ್ಡಲ್ಲಿ 20,000 ರೂಪಾಯಿ ದಾಟಿತು. ಗಂಟೆಯ ಲೆಕ್ಕ ಬಿಟ್ಟರೆ ತಲೆಗೆ 300 ‘ಮ್ಯೂಸಿಕ್’, ಅದರ ಮೇಲೆ ಶೇ. 10 ಸರ್ವಿಸ್, ಶೇ. 7 ವ್ಯಾಟ್. ಎಂಟ್ರಿ ಫ್ರೀ ಅಲ್ವಾ ಅಂದರೆ, ಎಂಟ್ರಿ ಫ್ರೀ, ಕೇಳೋದಕ್ಕೆ ದುಡ್ಡು ಅಂದರು! ಭಾವ ದನಿ ಏರಿಸಲು ಹೊರಟರು. ನಾನು ಮೊಣಕೈ ತಿವಿದೆ. ಆ ದೇಶದಲ್ಲಿ ನಾಲ್ಕು ಜನರ ಮುಂದೆ ಕೂಗಾಡಿದರೆ ಕೆಲಸ ಕೆಡುತ್ತದೆ. ಜೊತೆಗೆ, ಪಕ್ಕದಲ್ಲಿ ಬಂದು ನಿಂತವರು ಆಗಷ್ಟೇ ಒದೆಯುವುದನ್ನು ತೋರಿಸಿದವರು.

ಲೋಟದ ಚೀಟಿಗಳನ್ನು ಟೇಬಲ್ ಮೇಲೆ ಹರಡಿ ಒಂದೊಂದೇ ಕೂಡಿದೆ. ನಾವು ಕುಡಿಯದ ಬಿಯರ್‌ನ ಚೀಟಿಗಳೂ ಇದ್ದವು. ಆಮೇಲೆ ಮೊಬೈಲ್‌ನಲ್ಲಿ 1155 ಒತ್ತಿ ಮ್ಯಾನೇಜರ್‌ಗೆ ತೋರಿಸಿದೆ. ಅದು ಟೂರಿಸ್ಟ್ ಪೊಲೀಸರ ನಂಬರ್, ಇಂಗ್ಲಿಷ್‌ನಲ್ಲೇ ಮಾತಾಡಬಹುದು. ಕರೆ ಮಾಡುವ ಮೊದಲೇ ಮ್ಯೂಸಿಕ್ ದುಡ್ಡು ಹೋಯಿತು, ಹೆಚ್ಚಿಗೆ ಬಿಯರ್ ಹೋಯಿತು. ಗಂಟೆಯದ್ದನ್ನು ಮಾತ್ರ ಬಿಡಲಿಲ್ಲ. ಕಾರ್ಡ್ ಒಳಗೆ ಕೊಂಡೊಯ್ಯುತ್ತೇವೆ ಅಂದರು, ನಾನು ಕೈಬಿಡಲಿಲ್ಲ. ಮೆಷಿನ್ ತರಿಸಿಕೊಳ್ಳಿ. ಬಾತ್ ಬೇಕೋ ರೂಪಾಯಿ ಬೇಕೋ ಅಂತ ಕೇಳಿದರೆ ಬಾತ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ರೇಟು.

ಬಾಕ್ಸಿಂಗ್ ನೋಡಲೇಬೇಕು ಅಂದ್ರೆ ಬ್ಯಾಂಕಾಕ್‌ನಲ್ಲಿ ನೋಡಿ. ಪಟ್ಟಾಯದಿಂದ ಅಲ್ಲಿನ ಎಕ್ಕಮಾಯ್ ಬಸ್ ನಿಲ್ದಾಣಕ್ಕೆ ಬಸ್ ಇದೆ. ರಾಜಾದಮ್ನೆರ್ನ್ ಸ್ಟೇಡಿಯಂ 1945ರಿಂದ ನಡೆಯುತ್ತಿದೆ. 1956ರ ಲುಂಪಿನಿ ಸ್ಟೇಡಿಯಂ ಈಗ ರಾಮ್ ಇಂತ್ರಾ ರಸ್ತೆಯಲ್ಲಿದೆ. ಆಟೋದಂಥ ಟುಕ್‌ಟುಕ್‌ನವರು ‘ಇವತ್ತು ಸ್ಟೇಡಿಯಂ ಬಂದ್, ಬೇರೆ ಕಡೆ ತೋರಿಸ್ತೀನಿ’ ಅಂದರೆ ಇಳಿದುಬಿಡಿ, ಅದು ಕಮಿಷನ್ ಆಟ. ಟಿಕೆಟ್ ವಿದೇಶಿಯರಿಗೆ ದುಬಾರಿಯೇ. ಆದರೆ ರೇಟು ಮೊದಲೇ ಗೊತ್ತಿರುತ್ತೆ, ಹೊರಗೆ ಬರುವಾಗ ಬಿಲ್ ಇರಲ್ಲ.

ರಾಜಾದಮ್ನೆರ್ನ್‌ನಲ್ಲಿ ಸಂಗೀತವೂ ಸಿಗುತ್ತದೆ. ಸರಮಾ ಅಂತಾರೆ ಅದಕ್ಕೆ. ವಾಲಗದವರ ಮೌರಿಯಂಥ ಪೀ, ಜೋಡಿ ಡೋಲು, ಪುಟ್ಟ ತಾಳ. ಹೊಡೆದಾಟ ಬಿಸಿಯಾದಂತೆ ನುಡಿಸುವವರೂ ವೇಗ ಹೆಚ್ಚಿಸುತ್ತಾರೆ. ಮೇಲಿನ ಸಾಲುಗಳಲ್ಲಿ ಬೆರಳ ಸನ್ನೆಯಲ್ಲೇ ಬಾಜಿ ಕಟ್ಟುವವರ ಗಲಾಟೆ ಬೇರೆ. ಅದರಲ್ಲಿ ಮಾತ್ರ ಕೈ ಹಾಕಬೇಡಿ, ನಮಗೆ ಆ ಸನ್ನೆ ತಿಳಿಯಲ್ಲ. ಬ್ಯಾಂಡ್ ಕೇಳಬೇಕು ಅಂತಿದ್ದರೆ ವಿಕ್ಟರಿ ಮಾನ್ಯುಮೆಂಟ್ ಹತ್ತಿರ ಸ್ಯಾಕ್ಸೊಫೋನ್ ಪಬ್ ಇದೆ, 1987ರಿಂದ ಜಾಝ್, ಬ್ಲೂಸ್ ನುಡಿಸುವ ಜಾಗ. ಅಲ್ಲೂ ಕೂರುವ ಮೊದಲು ಮೆನುವಿನಲ್ಲಿ ರೇಟು ನೋಡಿಕೊಳ್ಳಿ. ಬೆಲೆಯ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಸರ್ವಿಸ್, ವ್ಯಾಟ್ ಎರಡೂ ಮೇಲಿನಿಂದ ಸೇರುತ್ತವೆ ಅಂತ ಅರ್ಥ.