ಹಂದಿ ಮಾಂಸದ ಪಾಲು: ‘ಲಾರ್ಡ್ ಆಫ್ ದಿ ಫ್ಲೈಸ್’ ಓದಿದ ಮೇಲೆ

ಜೂನ್ ಕೊನೆಯಲ್ಲಿ ಶಿವಮೊಗ್ಗಕ್ಕೆ ಹೋದಾಗ ಪಿಯುಸಿ ಓದುವ ಮಗಳಿಗೆ ಅಂತ ಈ ಪುಸ್ತಕ ತಂದೆ. ಅವಳು ಟೆಸ್ಟ್ ಮುಗಿಯಲಿ ಅಂತ ಪಕ್ಕಕ್ಕಿಟ್ಟಳು. ಹೊರಗೆ ಆರಿದ್ರ ಮಳೆ. ಅಡಿಕೆಗೆ ಔಷಧಿ ಹೊಡೆಯೋಣ ಅಂದರೆ ಒಂದು ಗಂಟೆ ಹೊಳವು ಇಲ್ಲ, ಕರೆಂಟು ಹೋಗಿ ಎರಡು ದಿನ. ನಾನೇ ಹಿಡಿದು ಕೂತೆ. ಮೂರು ದಿನದಲ್ಲಿ ಮುಗಿಯಿತು. ಮುಗಿದ ಮೇಲೂ ಅದು ನನ್ನನ್ನು ಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕತೆ ಪೂರ್ತಿ ಬಿಟ್ಟುಕೊಡುತ್ತೇನೆ, ಓದದವರು ನೋಡಿಕೊಳ್ಳಿ.

ಮೊದಲು ಪ್ರತಿಯ ಬಗ್ಗೆ ಹೇಳಿಬಿಡುತ್ತೇನೆ. ನನಗೆ ಸಿಕ್ಕಿದ್ದರಲ್ಲಿ ಅಕ್ಷರ ತೀರಾ ಸಣ್ಣ, ಕಾಗದ ತೆಳು, ಹಿಂದಿನ ಪುಟದ ಅಚ್ಚು ಮುಂದೆ ಕಾಣುತ್ತದೆ. ಮಳೆಗಾಲದ ತೇವಕ್ಕೆ ರಟ್ಟು ಎರಡೇ ದಿನಕ್ಕೆ ಸುರುಳಿಯಾಯಿತು. ಅಂಗಡಿಯಲ್ಲೇ ಬಿಡಿಸಿ ನೋಡಿ, ಸ್ವಲ್ಪ ದುಡ್ಡು ಜಾಸ್ತಿ ಆದರೂ ದೊಡ್ಡ ಅಕ್ಷರದ್ದು ತಗೊಳ್ಳಿ. ಒಳಗಿನ ಇಂಗ್ಲಿಷ್ ಕಷ್ಟ ಅಲ್ಲ. ಸಮುದ್ರ, ಬಂಡೆ, ಗಿಡಬಳ್ಳಿ ವರ್ಣಿಸುವ ಕಡೆ ಮಾತ್ರ ನಿಘಂಟು ಬೇಕಾಗುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿದ ನಾನು ಆ ಪ್ಯಾರಾಗಳನ್ನು ಎರಡೆರಡು ಸಲ ಓದಿದೆ. ಒಟ್ಟು 12 ಅಧ್ಯಾಯ.

ಬರೆದವರು ವಿಲಿಯಂ ಗೋಲ್ಡಿಂಗ್, ಬಂದದ್ದು 1954ರಲ್ಲಿ. ಅವರು ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ ಹುಡುಗರ ಶಾಲೆಯ ಮೇಷ್ಟ್ರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು, 1944ರಲ್ಲಿ ನಾರ್ಮಂಡಿ ತೀರದ ದಾಳಿಯಲ್ಲೂ ಇದ್ದವರು. ಶಾಲೆ ಹುಡುಗರನ್ನೂ ಯುದ್ಧವನ್ನೂ ಎರಡನ್ನೂ ಹತ್ತಿರದಿಂದ ಕಂಡವರು ಅನ್ನೋದು ಪುಟಪುಟಕ್ಕೂ ಗೊತ್ತಾಗುತ್ತದೆ. ಆಮೇಲೆ 1983ರಲ್ಲಿ ಅವರಿಗೆ ನೊಬೆಲ್ ಬಂತು.

ಯುದ್ಧದ ಕಾಲ. ಶಾಲೆ ಹುಡುಗರನ್ನು ಸಾಗಿಸುತ್ತಿದ್ದ ವಿಮಾನ ಬಿದ್ದು, ಹುಡುಗರಷ್ಟೇ ಒಂದು ದ್ವೀಪದಲ್ಲಿ ಉಳಿಯುತ್ತಾರೆ. ರಾಲ್ಫ್ ಅನ್ನುವವನು ಮುಖಂಡ. ಶಂಖ ಊದಿ ಸಭೆ ಕರೆಯುತ್ತಾನೆ, ಶಂಖ ಕೈಯಲ್ಲಿದ್ದವನಿಗೆ ಮಾತ್ರ ಮಾತಾಡುವ ಹಕ್ಕು. ಗುಡ್ಡದ ಮೇಲೆ ಹೊಗೆ ಆರದಿದ್ದರೆ ಹಡಗು ಬರುತ್ತದೆ ಅನ್ನೋದು ಅವನ ಲೆಕ್ಕ. ಅವನ ಜೊತೆ ಪಿಗ್ಗಿ, ದಪ್ಪಗಿನ ಹುಡುಗ, ಕನ್ನಡಕದವನು, ಉಬ್ಬಸದವನು, ಎಲ್ಲರಿಗಿಂತ ಬುದ್ಧಿವಂತ. ಜ್ಯಾಕ್‌ಗೆ ಹಂದಿ ಬೇಟೆಯ ಹುಚ್ಚು. ನಿಧಾನಕ್ಕೆ ಹುಡುಗರೆಲ್ಲ ಜ್ಯಾಕ್ ಕಡೆ ಸರಿಯುತ್ತಾರೆ. ಇಬ್ಬರ ಕೊಲೆಯಾಗುತ್ತದೆ.

ಈ ಕಾದಂಬರಿ ಬಗ್ಗೆ ಎಲ್ಲರೂ ಹೇಳುವುದು ಒಂದೇ: ನಾಗರಿಕತೆಯ ಸಿಪ್ಪೆ ಸುಲಿದರೆ ಒಳಗೆ ಕಾಡುಮನುಷ್ಯ ಇದ್ದಾನೆ. ತೀರ್ಥಹಳ್ಳಿ ಕಡೆ ಕಾಡಂಚಿನಲ್ಲೇ ಹುಟ್ಟಿ ಬೆಳೆದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಕಾಡಲ್ಲಿ ಬದುಕುವುದು, ಬೇಟೆಯಾಡುವುದು, ಬೆಂಕಿ ಸುತ್ತ ಕುಣಿಯುವುದು, ಇದು ಯಾವುದೂ ಅನಾಗರಿಕ ಅಲ್ಲ. ಪುಸ್ತಕ ತೋರಿಸುವ ಕೇಡು ಬೇರೆ ಕಡೆ ಇದೆ. ಅದು ನನಗೆ ಕಂಡದ್ದು ನಾಲ್ಕನೇ ಅಧ್ಯಾಯದಲ್ಲಿ, ಮಾಂಸ ಹಂಚುವಾಗ.

ನಮ್ಮಜ್ಜ ಶಿಕಾರಿಯವರು. 1972ರ ವನ್ಯಜೀವಿ ಕಾಯ್ದೆ ಬರುವ ಮೊದಲಿನ ಮಾತು. ಹಂದಿ ಬಿದ್ದರೆ ಪಾಲು ಹಾಕುವುದೇ ದೊಡ್ಡ ಕೆಲಸ ಅನ್ನುತ್ತಿದ್ದರು. ಈಡು ಹೊಡೆದವನಿಗೆ ಒಂದು ಪಾಲು ಜಾಸ್ತಿ. ಬಿಲ್ಲಿಗೆ (ಪ್ರಾಣಿ ಬರುವ ದಾರಿಯಲ್ಲಿ ಕಾದು) ಕೂತವರಿಗೆ, ಹಳು ಸೋವಿದವರಿಗೆ (ಪೊದೆ ಬಡಿದು ಪ್ರಾಣಿ ಎಬ್ಬಿಸಿದವರಿಗೆ), ಎಲ್ಲರಿಗೂ ಪಾಲು. ನಾಯಿಗೂ ಪಾಲು. ಜ್ವರ ಬಂದು ಮನೆಯಲ್ಲಿ ಮಲಗಿದ್ದವನ ಮನೆಗೂ ಮುತ್ತುಗದ ಎಲೆಯಲ್ಲಿ ಸುತ್ತಿ ಕಳಿಸುತ್ತಿದ್ದರಂತೆ. ಕೊಡುವವರು ಕೊಟ್ಟೆ ಅನ್ನುತ್ತಿರಲಿಲ್ಲ, ತಗೊಳ್ಳುವವರು ಕೈ ಮುಗಿಯುತ್ತಿರಲಿಲ್ಲ. ಅದು ಅವರವರ ಪಾಲು, ಅಷ್ಟೇ.

ಈಗ ಜ್ಯಾಕ್‌ನನ್ನು ನೋಡಿ. ಬೆಂಕಿ ಕಾಯಬೇಕಾದವರನ್ನೂ ಬೇಟೆಗೆ ಎಳೆದುಕೊಂಡು ಹೋಗಿರುತ್ತಾನೆ. ಬೆಂಕಿ ಆರಿರುವ ಹೊತ್ತಿಗೇ ದೂರದಲ್ಲಿ ಹಡಗೊಂದು ಹಾದುಹೋಗುತ್ತದೆ. ಮೊದಲ ಹಂದಿ ಹೊತ್ತು ತಂದವನಿಗೆ ರಾಲ್ಫ್ ಬಯ್ಯುತ್ತಾನೆ. ಜ್ಯಾಕ್ ಆ ಸಿಟ್ಟನ್ನು ಪಿಗ್ಗಿ ಮೇಲೆ ತೀರಿಸಿಕೊಳ್ಳುತ್ತಾನೆ, ಕನ್ನಡಕದ ಒಂದು ಗಾಜು ಒಡೆಯುತ್ತದೆ. ಆಮೇಲೆ ಹಂದಿ ಸುಡುತ್ತಾರೆ, ಅದೂ ಪಿಗ್ಗಿಯ ಕನ್ನಡಕದಿಂದಲೇ ಹೊತ್ತಿಸಿದ ಬೆಂಕಿಯಲ್ಲಿ. ಎಲ್ಲರಿಗೂ ಮಾಂಸ ಸಿಗುತ್ತದೆ, ಪಿಗ್ಗಿಗೆ ಇಲ್ಲ. ನೀನು ಬೇಟೆಗೆ ಬಂದಿಲ್ಲ ಅನ್ನುತ್ತಾನೆ ಜ್ಯಾಕ್. ಸೈಮನ್ ಅನ್ನೋ ಮೆತ್ತಗಿನ ಹುಡುಗ ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ತನ್ನ ತುಂಡನ್ನು ಪಿಗ್ಗಿ ಕಡೆ ದೂಡುತ್ತಾನೆ. ಜ್ಯಾಕ್‌ಗೆ ಉರಿದುಹೋಗುತ್ತದೆ. ಇನ್ನೊಂದು ದೊಡ್ಡ ತುಂಡು ಕೊಯ್ದು ಸೈಮನ್ ಕಾಲ ಬುಡಕ್ಕೆ ಎಸೆದು, ತಿನ್ನು ಅಂತ ಕಿರುಚುತ್ತಾನೆ.

ಆ ಪುಟದಲ್ಲಿ ನಾನು ಪುಸ್ತಕ ಮಡಚಿಟ್ಟು ಸುಮ್ನೆ ಕೂತೆ. ಪಾಲು ಆಗಬೇಕಾದದ್ದು ಅಲ್ಲಿ ಉಪಕಾರ ಆಗಿಹೋಯಿತು, ತಿಂದವನು ಋಣಕ್ಕೆ ಬಿದ್ದ. ಮುಂದೆ ಇಡೀ ಗುಂಪು ಜ್ಯಾಕ್ ಹಿಂದೆ ಹೋಗುವುದೂ ಮಾಂಸದ ದಾರಿಯಲ್ಲೇ. ಸೈಮನ್‌ನನ್ನು ಕೊಲ್ಲುವುದೂ ಮಾಂಸದೂಟ ಮುಗಿದ ಮೇಲಿನ ಕುಣಿತದಲ್ಲೇ. ಹಂದಿ ಕೊಂದಿದ್ದಕ್ಕೆ ಆ ಹುಡುಗರು ಕೆಟ್ಟರು ಅಂತ ನನಗೆ ಅನ್ನಿಸಲೇ ಇಲ್ಲ. ಪಾಲು ಹಾಕುವ ಕ್ರಮ ತಪ್ಪಿದ ದಿನ ಕೆಟ್ಟರು.

ಮುಖದ ಬಣ್ಣದ ವಿಷಯದಲ್ಲಿ ಮಾತ್ರ ಗೋಲ್ಡಿಂಗ್ ಮೇಲೆ ನನಗೆ ತಕರಾರಿದೆ. ಜ್ಯಾಕ್ ಮಣ್ಣು, ಮಸಿ ಬಳಿದುಕೊಂಡು ನೀರಲ್ಲಿ ತನ್ನ ಮುಖ ನೋಡಿ ಕುಣಿಯುತ್ತಾನೆ. ಆ ಬಣ್ಣದ ಹಿಂದೆ ಅವನಿಗೆ ನಾಚಿಕೆ ಬಿಟ್ಟುಹೋಗುತ್ತದೆ ಅನ್ನುವುದನ್ನು ತುಂಬಾ ಚೆನ್ನಾಗಿ ಬರೆದಿದ್ದಾರೆ. ಆದರೆ ಅಲ್ಲಿಂದ ಮುಂದೆ ಬಣ್ಣ ಬಳಿದವರೆಲ್ಲ ‘ಕಾಡುಜನ’ ಆಗುತ್ತಾರೆ, ಇದು ಪರದೇಶದ ಜನರನ್ನು ದೂರದಿಂದ ನೋಡಿದವರ ಕಲ್ಪನೆ. ನಾನು ಚಿಕ್ಕವನಿದ್ದಾಗ ಬೆಳಗಿನ ಜಾವ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ನುಗ್ಗಿದ್ದೆ. ರಾತ್ರಿಯಿಡೀ ಅಬ್ಬರಿಸಿದ ರಾಕ್ಷಸ ಅರ್ಧ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು, ಇನ್ನರ್ಧ ಮುಖ ಹಾಗೇ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದ. ನನ್ನ ನೋಡಿ, ಯಾರ ಮನೆಯವನೋ ಮಾಣಿ ಅಂತ ಕೇಳಿದ. ಬಣ್ಣಕ್ಕೆ ಒಂದು ಹೊತ್ತು ಇದೆ, ತಾಳ ಹಿಡಿದು ಕುಣಿಸುವ ಭಾಗವತರಿದ್ದಾರೆ, ಮಂಗಳ ಹಾಡಿದ ಮೇಲೆ ಅದನ್ನು ಒರೆಸಲೇಬೇಕು. ಜ್ಯಾಕ್‌ಗೆ ಒರೆಸಿಕೊಳ್ಳಿ ಅನ್ನುವವರು ಯಾರೂ ಇರಲಿಲ್ಲ.

ಇನ್ನೊಂದು ಸಣ್ಣ ತಪ್ಪು. ಪಿಗ್ಗಿಗೆ ದೂರದ್ದು ಕಾಣುವುದಿಲ್ಲ, ಅಂದರೆ ಅವನದು ಮೈನಸ್ ಕನ್ನಡಕ, ನಿಮ್ನ ಮಸೂರ. ಅದರಲ್ಲಿ ಬೆಂಕಿ ಹೊತ್ತಿಸಲು ಆಗುವುದಿಲ್ಲ. ಒಂದು ದಿನ ಬಿಸಿಲು ಬಿಟ್ಟಾಗ ನನ್ನ ಮೈನಸ್ ಕನ್ನಡಕವನ್ನೇ ಅಂಗಳದಲ್ಲಿ ಹಿಡಿದು ನೋಡಿದೆ. ನಡುವೆ ಮಂಕು ನೆರಳು, ಸುತ್ತ ಬೆಳಕಿನ ಉಂಗುರ. ಬೆಳಕು ಚುಕ್ಕೆ ಆಗುವುದೇ ಇಲ್ಲ. ಮಗಳು ಎಸ್ಸೆಸ್ಸೆಲ್ಸಿ ಪಾಠ ನೆನಪಿಸಿ ಚಿತ್ರ ಬರೆದು ತೋರಿಸಿದಳು. ಇದರಿಂದ ಕಾದಂಬರಿಯ ಬೆಲೆ ಏನೂ ಕಡಿಮೆಯಾಗಲಿಲ್ಲ.

ನನ್ನನ್ನು ಜಾಸ್ತಿ ಹೆದರಿಸಿದವನು ಜ್ಯಾಕ್ ಅಲ್ಲ, ರೋಜರ್. ಮೊದಲು ಅವನು ಮರಳಲ್ಲಿ ಆಡುವ ಒಬ್ಬ ಚಿಕ್ಕ ಹುಡುಗನ ಕಡೆ ಕಲ್ಲು ಎಸೆಯುತ್ತಾನೆ. ಆದರೆ ತಾಗದ ಹಾಗೆ. ಮಗುವಿನ ಸುತ್ತ ಕೆಲವು ಗಜ ಜಾಗ ಬಿಟ್ಟು ಆಚೆ ಬೀಳುವ ಹಾಗೆ. ಅಪ್ಪ ಅಮ್ಮ, ಶಾಲೆ, ಪೊಲೀಸು, ಕಾನೂನು ಅಷ್ಟು ದೂರದಿಂದಲೂ ಅವನ ಕೈ ಹಿಡಿದಿರುತ್ತವೆ. ಕೊನೆಗೆ ಅದೇ ರೋಜರ್ ಬಂಡೆಯನ್ನೇ ಉರುಳಿಸುತ್ತಾನೆ. ಪಿಗ್ಗಿ ಸಾಯುತ್ತಾನೆ, ಅವನ ಕೈಯಲ್ಲಿದ್ದ ಶಂಖ ಪುಡಿಪುಡಿ. ಆ ಕೆಲವು ಗಜ ಜಾಗ ಯಾವ ದಿನ ಸವೆದುಹೋಯಿತು ಅಂತ ಹಿಂದೆ ತಿರುಗಿ ಹುಡುಕಿದೆ. ಒಂದು ದಿನ ಅಂತ ಸಿಗಲಿಲ್ಲ.

ಹುಡುಗರೆಲ್ಲ ಹೀಗೇ ಆಗುತ್ತಾರಾ? ಇಲ್ಲ. 1965ರಲ್ಲಿ ಪೆಸಿಫಿಕ್ ಸಾಗರದ ದ್ವೀಪದೇಶ ಟಾಂಗಾದ ಆರು ಶಾಲೆ ಹುಡುಗರು ದೋಣಿಯಲ್ಲಿ ಹೋಗಿ ಆಟಾ ಅನ್ನೋ ಪಾಳು ದ್ವೀಪದಲ್ಲಿ ಸಿಕ್ಕಿಕೊಂಡರು. ಸುಮಾರು 15 ತಿಂಗಳ ಮೇಲೆ, 1966ರಲ್ಲಿ, ಪೀಟರ್ ವಾರ್ನರ್ ಅನ್ನುವವರು ಅವರನ್ನು ಕಂಡು ಕರೆತಂದರು. ಆರೂ ಜನ ಬದುಕಿದ್ದರು. ಸರದಿ ಹಾಕಿಕೊಂಡು ಕೆಲಸ ಮಾಡಿದ್ದರು, ಬೆಂಕಿ ಆರದ ಹಾಗೆ ನೋಡಿಕೊಂಡಿದ್ದರು, ಒಬ್ಬನ ಕಾಲು ಮುರಿದಾಗ ಉಳಿದವರೇ ಕಟ್ಟಿ ವಾಸಿಮಾಡಿದ್ದರು. ಇದು ಗೊತ್ತಾದ ಮೇಲೂ ಗೋಲ್ಡಿಂಗ್ ಬರೆದದ್ದು ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ. ಆ ಆರು ಜನ ಮೊದಲೇ ಗೆಳೆಯರು. ಕಾದಂಬರಿಯ ಹುಡುಗರಲ್ಲಿ ಹೆಚ್ಚಿನವರು ಒಬ್ಬರಿಗೊಬ್ಬರು ಗುರುತಿಲ್ಲದವರು, ಹಿಂದೆ ಬಿಟ್ಟುಬಂದಿರುವುದು ಯುದ್ಧ. ಕೊನೆಯಲ್ಲಿ ಅವರನ್ನು ಉಳಿಸಲು ಬರುವ ಅಧಿಕಾರಿಯೂ ಯುದ್ಧದ ಹಡಗಿನವನೇ. ಬಿಳಿ ಬಟ್ಟೆ, ಸೊಂಟದ ಹತ್ತಿರ ಪಿಸ್ತೂಲು. ಬ್ರಿಟಿಷ್ ಹುಡುಗರು ಇನ್ನೂ ಚೆನ್ನಾಗಿ ನಡೆದುಕೊಳ್ಳಬೇಕಿತ್ತು ಅಂತ ಅವನಿಗೆ ಬೇಸರ. ರಾಲ್ಫ್ ಅಳುವಾಗ ಮುಖ ತಿರುಗಿಸಿ ತನ್ನ ಹಡಗನ್ನು ನೋಡುತ್ತಾ ನಿಲ್ಲುತ್ತಾನೆ.

ಹೈಸ್ಕೂಲಿನ ಚಿಕ್ಕ ಮಕ್ಕಳಿಗೆ ಕೊಡಬೇಡಿ. ತಾಯಿ ಹಂದಿಯನ್ನು ಕೊಲ್ಲುವ ಎಂಟನೇ ಅಧ್ಯಾಯ ತುಂಬಾ ಕ್ರೂರ. ಪಿಯುಸಿಯವರಿಗೆ ಕೊಡಿ, ಆದರೆ ಮೊದಲು ನೀವು ಓದಿ. ನನ್ನಿಂದ ಐದಕ್ಕೆ ನಾಲ್ಕೂವರೆ, ಕಳೆದ ಅರ್ಧ ಆ ‘ಕಾಡುಜನ’ಕ್ಕೆ.

ಸುರುಳಿಯಾದ ಪ್ರತಿ ಈಗ ಮಗಳ ಹತ್ತಿರ ಇದೆ. ನಿನ್ನೆ ರಾತ್ರಿ ಐದನೇ ಅಧ್ಯಾಯದಲ್ಲಿದ್ದಳು. ಊಟಕ್ಕೆ ಕೂತಾಗ, ಅಪ್ಪಾ, ಪಿಗ್ಗಿ ಮನೆಗೆ ವಾಪಸ್ ಹೋಗ್ತಾನಾ ಅಂತ ಕೇಳಿದಳು. ಓದು ಅಂದೆ.